ಕೈ ಕಟ್ಟಿ ಕೂರುವ ಬಾಣಂತನ

ಸಾಕಿದ ಬೆಕ್ಕು ಮರಿ ಹಾಕುವ ರಾತ್ರಿ ಮನೆಯವರಿಗೆ ಇರುವ ಕೆಲಸ ತೀರಾ ಕಡಿಮೆ. ಆ ಕಡಿಮೆ ಕೆಲಸವನ್ನು ಹೊತ್ತರಿತು ಮಾಡುವುದೇ ಕಷ್ಟ.

ನಮ್ಮ ಗುಂಡ ಬಸಿರಾಗಿದ್ದಾನೆ ಎಂಬ ಸುದ್ದಿ ಮೊದಲು ಕೊಟ್ಟವನು ಹಾಲಿನ ಹುಡುಗ. ಬೆಳಿಗ್ಗೆ ಗೇಟಿಗೆ ನೇತುಹಾಕಿದ ಚೀಲಕ್ಕೆ ಪ್ಯಾಕೆಟ್ಟುಗಳನ್ನು ಇಳಿಬಿಡುತ್ತಾ, ಕಾಂಪೌಂಡಿನ ಮೇಲೆ ಮೈಚಾಚಿ ಮಲಗಿದ್ದ ಬೆಕ್ಕನ್ನು ನೋಡಿ, ‘ಅಕ್ಕಾ, ಇದು ಗಬ್ಬ ಕಟ್ಟಿದಂಗಿದೆ’ ಅಂದ. ‘ಅದು ಗಂಡು ಕಣಪ್ಪಾ’ ಎಂದು ನಕ್ಕೆ. ಅವನೂ ನಕ್ಕ. ಅವನ ನಗು ಬೇರೆ ಥರ ಇತ್ತು. ಅವನ ಊರ ಮನೆಯಲ್ಲಿ ಎಂಟು ಎಮ್ಮೆ ಇದ್ದವಂತೆ.

ಗುಂಡ ನಮ್ಮ ಮೈಸೂರಿನ ಬಾಡಿಗೆ ಮನೆ ಸೇರಿದ್ದು ಹಿಂದಿನ ದೀಪಾವಳಿಯಲ್ಲಿ, ಪಟಾಕಿ ಸದ್ದಿಗೆ ಹೆದರಿ. ಸ್ಕೂಟರಿನ ಅಡಿಯಲ್ಲಿ ಮುದುಡಿ ಕೂತಿದ್ದ ಮುಷ್ಟಿಗಾತ್ರದ ಮರಿ. ಬಿಳಿ ಮೈಮೇಲೆ ಅಲ್ಲಲ್ಲಿ ಕಪ್ಪು, ಅಲ್ಲಲ್ಲಿ ಕೇಸರಿ ತೇಪೆ. ಉಂಡುಂಡು ದುಂಡಗಾಯಿತು, ಗುಂಡ ಎಂದು ಕರೆದೆವು. ಬಾಲ ಎತ್ತಿ ನೋಡುವ ಯೋಚನೆ ಮನೆಯಲ್ಲಿ ಯಾರಿಗೂ ಬರಲಿಲ್ಲ.

ಹಾಲಿನ ಹುಡುಗನ ಮಾತು ತಲೆಯಲ್ಲಿ ಕೊರೆಯುತ್ತಿದ್ದರಿಂದ ಬುಟ್ಟಿಯಲ್ಲಿ ಹಾಕಿಕೊಂಡು ಪಶುವೈದ್ಯರ ಬಳಿ ಹೋದೆ. ಅವರು ಮುಟ್ಟುವ ಮೊದಲೇ ನಕ್ಕರು. ‘ಮೂರು ಬಣ್ಣದ ಬೆಕ್ಕಿಗೆ ಗುಂಡ ಅಂತ ಹೆಸರಿಟ್ಟಿದ್ದೀರಲ್ಲ!’ ಬೆಕ್ಕಿನ ಕೇಸರಿ ಬಣ್ಣದ ಗುಣಾಣು ಇರುವುದು ಎಕ್ಸ್ ವರ್ಣತಂತುವಿನ ಮೇಲೆ. ಹೆಣ್ಣಿಗೆ ಎರಡು ಎಕ್ಸ್. ಒಂದರಲ್ಲಿ ಕೇಸರಿ, ಇನ್ನೊಂದರಲ್ಲಿ ಕಪ್ಪು ಇದ್ದರೆ ಮೈಯ ಒಂದೊಂದು ಕಡೆ ಒಂದೊಂದು ಮೇಲುಗೈ ಪಡೆದು ತೇಪೆ ತೇಪೆಯಾಗಿ ಕಾಣುತ್ತದೆ. ಗಂಡಿಗೆ ಇರುವುದು ಒಂದೇ ಎಕ್ಸ್, ಹಾಗಾಗಿ ಕೇಸರಿ ಇಲ್ಲವೇ ಕಪ್ಪು, ಎರಡರಲ್ಲಿ ಒಂದು. ಮೂರು ಬಣ್ಣದ ಗಂಡು ಬೆಕ್ಕು ಹುಟ್ಟುವುದು ಅಪರೂಪದಲ್ಲಿ ಅಪರೂಪ. ಹೊಟ್ಟೆಯನ್ನು ಮೆಲ್ಲಗೆ ತಡವಿದ ವೈದ್ಯರು, ‘ಹೆಚ್ಚುಕಡಿಮೆ 40 ದಿನ ಆಗಿರಬಹುದು. ಹತ್ತು ದಿನ ಬಿಟ್ಟು ಬನ್ನಿ, ಎಕ್ಸ್‌ರೇಯಲ್ಲಿ ಎಷ್ಟು ಮರಿ ಅಂತ ಎಣಿಸೋಣ’ ಅಂದರು. ಅಂದಿನಿಂದ ಗುಂಡ ಗುಂಡಮ್ಮನಾದಳು.

ಎಣಿಸುವುದು ಬರೀ ಕುತೂಹಲಕ್ಕಲ್ಲ. ಸುಮಾರು 45 ದಿನ ದಾಟಿದ ಮೇಲೆ ಮರಿಗಳ ಮೂಳೆ ಗಟ್ಟಿಯಾಗಿ ಎಕ್ಸ್‌ರೇಯಲ್ಲಿ ಪುಟ್ಟ ಪುಟ್ಟ ತಲೆಬುರುಡೆಗಳು ಕಾಣುತ್ತವೆ. ನಾಲ್ಕು ಎಂದು ಗೊತ್ತಿದ್ದರೆ, ಮೂರು ಹುಟ್ಟಿ ನಿಂತಾಗ ಇನ್ನೂ ಒಂದು ಒಳಗಿದೆ ಎಂದು ತಿಳಿಯುತ್ತದೆ. ಗುಂಡಮ್ಮನ ಹೊಟ್ಟೆಯಲ್ಲಿ ನಾಲ್ಕು ಬುರುಡೆ ಕಂಡವು.

ಬಸುರಿಯ ಊಟ

ಬೆಕ್ಕಿನ ಗರ್ಭದ ಅವಧಿ ಸುಮಾರು 63ರಿಂದ 65 ದಿನ. ಎರಡು ಮೂರು ದಿನ ಹಿಂದೆ ಮುಂದೆ ಆದರೆ ಗಾಬರಿ ಬೇಡ. ಆದರೆ ಲೆಕ್ಕ ಎಲ್ಲಿಂದ ಶುರು ಮಾಡುವುದು? ಬೆಕ್ಕಿನ ಅಂಡಾಶಯ ತಾನಾಗಿ ತಿಂಗಳ ಲೆಕ್ಕದಲ್ಲಿ ಅಂಡ ಬಿಡುವುದು ಕಡಿಮೆ. ಸಾಮಾನ್ಯವಾಗಿ ಕೂಡಿದ ಮೇಲೆಯೇ ಅಂಡ ಬಿಡುಗಡೆಯಾಗುತ್ತದೆ. ಬೆದೆಗೆ ಬಂದ ಹೆಣ್ಣು ಒಂದೆರಡು ದಿನದಲ್ಲಿ ಹಲವು ಗಂಡುಗಳ ಜೊತೆ ಸೇರಬಹುದು. ಹಾಗಾಗಿ ಒಂದೇ ಸೂಲಿನ ಮರಿಗಳಿಗೆ ಬೇರೆ ಬೇರೆ ಅಪ್ಪಂದಿರು ಇರುವುದುಂಟು. ಮೇ ತಿಂಗಳ ಮೊದಲ ವಾರ ನಮ್ಮ ತಾರಸಿಯ ಮೇಲೆ ಮೂರು ರಾತ್ರಿ ನಡೆದ ಸಂಗೀತ ಕಛೇರಿ ನೆನಪಾಯಿತು. ಆರು ತಿಂಗಳ ಮರಿಯೇ ಬೆದೆಗೆ ಬರಬಹುದೆಂದು ಗೊತ್ತಿದ್ದರೆ ಆಗಲೇ ಕಿಟಕಿ ಮುಚ್ಚುತ್ತಿದ್ದೆ. ಕ್ಯಾಲೆಂಡರಿನಲ್ಲಿ ಆಷಾಢದ ಒಂದು ಗುರುವಾರದ ಸುತ್ತ ಗುರುತು ಹಾಕಿದೆ.

ಸುದ್ದಿ ಕೇಳಿ ಸಾಗರದಿಂದ ಅಮ್ಮ ಬಂದಿಳಿದಳು. ‘ನನ್ನ ಬಾಣಂತನಕ್ಕೂ ಇಷ್ಟು ಬೇಗ ಬಂದಿರಲಿಲ್ಲ’ ಎಂದು ಛೇಡಿಸಿದೆ. ‘ನಿಂಗೆ ಮಾತಾಡೋಕೆ ಬರ್ತಿತ್ತು ಮಾರಾಯ್ತಿ, ಅದಕ್ಕೆ ಬರೋದಿಲ್ವಲ್ಲ’ ಅಂದಳು. ಕೊಟ್ಟಿಗೆಯಲ್ಲಿ ಎಷ್ಟೋ ಕರುಗಳನ್ನು ಎಳೆದು ಹೊರತಂದ ಕೈ ಅದು.

ಅಮ್ಮನಿಗೂ ನನಗೂ ಮೊದಲ ಜಗಳ ಅಡುಗೆಮನೆಯಲ್ಲಿ. ನಮ್ಮದು ಸಸ್ಯಾಹಾರದ ಮನೆ. ಊರಿನ ಬೆಕ್ಕುಗಳು ಹಾಲು ಅನ್ನ ತಿಂದು, ಉಳಿದದ್ದನ್ನು ಅಟ್ಟದ ಇಲಿಗಳಿಂದ ತುಂಬಿಸಿಕೊಳ್ಳುತ್ತಿದ್ದವು. ಅಟ್ಟವೂ ಇಲ್ಲದ, ಇಲಿಯೂ ಇಲ್ಲದ ಬಾಡಿಗೆ ಮನೆಯ ಬೆಕ್ಕಿಗೆ ಬರೀ ಹಾಲು ಅನ್ನ ಸಾಲದು. ಟಾರಿನ್ ಎಂಬ ಪೋಷಕಾಂಶವನ್ನು ಬೆಕ್ಕಿನ ಮೈ ಸಾಕಷ್ಟು ತಯಾರಿಸಿಕೊಳ್ಳಲಾರದು. ಅದು ಮಾಂಸ, ಮೀನಿನಿಂದಲೇ ಬರಬೇಕು. ಅದು ಕಡಿಮೆಯಾದರೆ ಗರ್ಭ ಕರಗಬಹುದು, ಮರಿಗಳು ಸೊರಗಿ ಹುಟ್ಟಬಹುದು. ಬಸಿರಿನ ಕೊನೆಯ ವಾರಗಳಲ್ಲಿ ಮತ್ತು ಹಾಲುಣಿಸುವಾಗ ಬೆಕ್ಕಿನ ಮರಿಗಳಿಗೆಂದೇ ಮಾಡಿದ ಆಹಾರ ಕೊಡಿ ಎಂದರು ವೈದ್ಯರು. ಅದರಲ್ಲಿ ಪ್ರೋಟೀನ್, ಕೊಬ್ಬು ಹೆಚ್ಚು. ಹೊಟ್ಟೆಯಲ್ಲೆಲ್ಲ ಮರಿಗಳೇ ತುಂಬಿರುವುದರಿಂದ ಜಠರಕ್ಕೆ ಜಾಗ ಕಡಿಮೆ. ದಿನಕ್ಕೆ ಎರಡು ಸಲದ ಊಟವನ್ನು ಐದಾರು ಸಲಕ್ಕೆ ಹಂಚಬೇಕು. ಕ್ಯಾಲ್ಸಿಯಂ ಮಾತ್ರೆ ಮಾತ್ರ ನಾವಾಗಿ ಕೊಡಕೂಡದು. ಬಸಿರಿನಲ್ಲಿ ಹೊರಗಿನಿಂದ ಸುರಿದರೆ ಮೈ ತನ್ನ ಮೂಳೆಯಿಂದ ಕ್ಯಾಲ್ಸಿಯಂ ತೆಗೆದುಕೊಳ್ಳುವ ಅಭ್ಯಾಸ ತಪ್ಪಿ, ಹಾಲೂಡುವಾಗ ಕೈಕೊಡುತ್ತದೆ.

ಅಮ್ಮ ಊರಿಂದ ಒಂದು ಡಬ್ಬಿಯಲ್ಲಿ ಬಾಣಂತಿ ಖಾರವನ್ನೂ ತಂದಿದ್ದಳು. ತುಪ್ಪದಲ್ಲಿ ಹುರಿದ ಬೆಳ್ಳುಳ್ಳಿಯನ್ನೂ ಸೇರಿಸಿ ಚೂರು ಅನ್ನಕ್ಕೆ ಕಲಸಿಕೊಟ್ಟರೆ ಹಾಲು ಚೆನ್ನಾಗಿ ಇಳಿಯುತ್ತದೆಂಬುದು ಅವಳ ಎಣಿಕೆ. ಮನುಷ್ಯ ಬಾಣಂತಿಗೆ ಬೆಳ್ಳುಳ್ಳಿ ಔಷಧ ಇರಬಹುದು, ಬೆಕ್ಕಿಗೆ ಅದು ವಿಷ. ಈರುಳ್ಳಿ, ಬೆಳ್ಳುಳ್ಳಿ ಎರಡೂ ಬೆಕ್ಕಿನ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ನೋವಿಗೆಂದು ಮನೆಯಲ್ಲಿರುವ ಪ್ಯಾರಾಸಿಟಮಾಲ್ ಕೊಟ್ಟರಂತೂ ಪ್ರಾಣಕ್ಕೇ ಕುತ್ತು. ನೆಲ ಒರೆಸುವ ಫಿನಾಯಿಲ್ ಕೂಡ ಬೆಕ್ಕಿಗೆ ಆಗದು. ಪಾದಕ್ಕೆ ಮೆತ್ತಿಕೊಂಡದ್ದನ್ನು ಅದು ನೆಕ್ಕಿಯೇ ತೆಗೆಯುವುದು. ಡಬ್ಬಿಯ ಮುಚ್ಚಳ ಹಾಕುತ್ತಾ ಅಮ್ಮ, ‘ಹಾಗಾದ್ರೆ ಈ ಬಾಣಂತನದಲ್ಲಿ ನಂಗೆ ಕೆಲಸ ಏನು?’ ಅಂದಳು. ಆಗ ನನ್ನಲ್ಲಿ ಉತ್ತರ ಇರಲಿಲ್ಲ.

ಪೆಟ್ಟಿಗೆ ಮತ್ತು ಬೀರು

ಕೊನೆಯ ವಾರ ಗುಂಡಮ್ಮ ಜಾಗ ಹುಡುಕತೊಡಗಿದಳು. ಮಂಚದಡಿ, ಅಕ್ಕಿ ಡ್ರಮ್ಮಿನ ಹಿಂದೆ, ದೇವರ ಕೋಣೆಯ ಮೂಲೆ, ಕೊನೆಗೆ ನನ್ನ ಬೀರುವಿನ ಕೆಳಗಿನ ಅರೆ. ಅಲ್ಲಿ ಇಸ್ತ್ರಿ ಮಾಡಿದ ಸೀರೆಗಳಿದ್ದವು. ಮೂರು ಸಲ ಹೊತ್ತು ಹೊರಗೆ ತಂದೆ, ನಾಲ್ಕನೆಯ ಸಲಕ್ಕೆ ಬೀರುವಿಗೆ ಬೀಗ ಹಾಕಿದೆ.

ಅವಳಿಗಾಗಿ ನಾವು ಸಿದ್ಧ ಮಾಡಿದ್ದು ಮಿಕ್ಸಿ ಬಂದಿದ್ದ ರಟ್ಟಿನ ಪೆಟ್ಟಿಗೆ. ತಾಯಿ ಕಾಲು ಚಾಚಿ ಮಲಗುವಷ್ಟು ಅಗಲ, ಮರಿಗಳು ಹೊರಗೆ ಉರುಳದಷ್ಟು ಎತ್ತರ, ಒಂದು ಬದಿಯಲ್ಲಿ ತಾಯಿ ದಾಟುವಷ್ಟು ಕತ್ತರಿಸಿದ ಬಾಗಿಲು. ತಳಕ್ಕೆ ಪೇಪರಿನ ನಾಲ್ಕೈದು ಪದರ, ಅದರ ಮೇಲೆ ಅಮ್ಮನ ಹಳೆಯ ಕಾಟನ್ ಸೀರೆ. ಟರ್ಕಿ ಟವೆಲಿನ ಎಳೆಗಳಿಗೆ ಮರಿಗಳ ಉಗುರು ಸಿಕ್ಕಿಕೊಳ್ಳುತ್ತದೆ, ಸೀರೆಯೇ ವಾಸಿ. ಜನ ಓಡಾಡದ ಕೋಣೆಯಲ್ಲಿ, ಫ್ಯಾನಿನ ಗಾಳಿ ನೇರ ಬೀಳದ ಕಡೆ ಇಟ್ಟೆವು. ಒಂದು ತಟ್ಟೆಯಲ್ಲಿ ಸಾಮಾನು: ನಾಲ್ಕಾರು ಒಗೆದ ಬಟ್ಟೆ ತುಂಡು, ಕುದಿಸಿ ಒಣಗಿಸಿದ ಕತ್ತರಿ, ಹೊಲಿಗೆ ದಾರ, ಪೊವಿಡೋನ್ ಅಯೋಡಿನ್ ದ್ರಾವಣ, ಬಿಸಿನೀರಿನ ಚೀಲ, ಕೇಕಿಗೆ ಮೈದಾ ತೂಗುವ ಅಡುಗೆಮನೆಯ ಡಿಜಿಟಲ್ ತಕ್ಕಡಿ. ಗೋಡೆಯ ಮೇಲೆ ದಪ್ಪ ಅಕ್ಷರದಲ್ಲಿ ವೈದ್ಯರ ನಂಬರ್, ರಾತ್ರಿ ತೆರೆದಿರುವ ಇನ್ನೊಂದು ಆಸ್ಪತ್ರೆಯ ನಂಬರ್. ರಾತ್ರಿ ಎರಡು ಗಂಟೆಗೆ ಹುಡುಕುವುದಕ್ಕೆ ಕೂತರೆ ಕೈ ನಡುಗುತ್ತದೆ.

ಮರಿ ಹಾಕುವ 12ರಿಂದ 24 ತಾಸು ಮೊದಲು ಬೆಕ್ಕಿನ ಮೈಬಿಸಿ ತುಸು ಇಳಿಯುವುದುಂಟು. ಸಾಮಾನ್ಯವಾಗಿ 100.5ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಇರುವುದು ನೂರಕ್ಕಿಂತ ಕೆಳಗೆ ಬರುತ್ತದೆ. ಆದರೆ ನಾಯಿಯಷ್ಟು ಖಚಿತವಾಗಿ ಬೆಕ್ಕಿನಲ್ಲಿ ಇದನ್ನು ನಂಬುವಂತಿಲ್ಲ. ಗುದದ್ವಾರಕ್ಕೆ ಥರ್ಮಾಮೀಟರ್ ಇಡಲು ಗುಂಡಮ್ಮ ಒಪ್ಪಲಿಲ್ಲ, ನನ್ನ ಅಂಗೈ ಮೇಲೆ ಅದರ ದಾಖಲೆ ಇದೆ. ಅಮ್ಮ ಮೊಲೆತೊಟ್ಟು ನೋಡಿದಳು. ಬಸಿರಿನ ಮೂರು ವಾರಕ್ಕೇ ಗುಲಾಬಿಯಾಗುವ ಎಂಟು ತೊಟ್ಟುಗಳು ಈಗ ಊದಿಕೊಂಡಿದ್ದವು, ಒಂದನ್ನು ಸವರಿದರೆ ಹಾಲಿನ ಹನಿ. ‘ಇವತ್ತು, ತಪ್ಪಿದರೆ ನಾಳೆ’ ಅಂದಳು.

ಆ ರಾತ್ರಿ

ಮರುದಿನ ಆಷಾಢ ಶುಕ್ರವಾರ. ಬೆಟ್ಟಕ್ಕೆ ಹೋಗುವ ಪಕ್ಕದ ಮನೆಯವರು ಮೂರು ಗಂಟೆಗೇ ಏಳಬೇಕೆಂದು ಬೇಗ ದೀಪ ಆರಿಸಿದ್ದರು. ಗುಂಡಮ್ಮ ಸಂಜೆಯಿಂದ ಅನ್ನ ನೀರು ಮುಟ್ಟಿರಲಿಲ್ಲ. ಪೆಟ್ಟಿಗೆಗೆ ಹೋಗುವುದು, ಸೀರೆ ಕೆರೆಯುವುದು, ಹೊರಗೆ ಬಂದು ನನ್ನ ಕಾಲಿಗೆ ಸುತ್ತುವುದು, ಮತ್ತೆ ಒಳಗೆ. ಒಮ್ಮೊಮ್ಮೆ ಬಾಯಿ ತೆರೆದು ಏದುಸಿರು. ನಡುವೆ ಜೋರಾಗಿ ಗುರುಗುಟ್ಟುತ್ತಿದ್ದಳು. ಬೆಕ್ಕು ಖುಷಿಗೆ ಮಾತ್ರ ಗುರುಗುಡುವುದಿಲ್ಲ, ನೋವಿಗೂ ಗುರುಗುಡುತ್ತದೆ ಎಂಬುದನ್ನು ಅಂದು ಕಿವಿಯಾರೆ ಕೇಳಿದೆ. ಇದು ಹೆರಿಗೆಯ ಮೊದಲ ಘಟ್ಟ. ಚೊಚ್ಚಲು ಬೆಕ್ಕಿಗೆ ಹನ್ನೆರಡು ತಾಸು, ಕೆಲವೊಮ್ಮೆ ಇಡೀ ದಿನ ಹಿಡಿಯಬಹುದು.

ನಾನು ಪೆಟ್ಟಿಗೆಯ ಮೇಲೆ ಬಗ್ಗಿ ಬೆನ್ನು ಸವರುವುದು, ನೀರು ತೋರಿಸುವುದು, ಟಾರ್ಚು ಬಿಡುವುದು ಎಲ್ಲಾ ಮಾಡುತ್ತಿದ್ದೆ. ಅಮ್ಮ ಗೋಡೆಗೆ ಒರಗಿ ಕಾಲು ನೀಡಿ ಕೂತಿದ್ದಳು. ‘ಈಚೆ ಬಾ’ ಅಂದಳು. ‘ಹಸುವಿಗಾದ್ರೆ ಕೆಲವೊಮ್ಮೆ ಎಳೀಬೇಕು. ಬೆಕ್ಕಿಗೆ ಕೈ ಕಟ್ಟಿ ಕೂರಬೇಕು. ನೋಡೋರು ಜಾಸ್ತಿ ಆದ್ರೆ ಅದು ನೋವನ್ನೇ ನುಂಗಿಕೊಳ್ತದೆ.’ ವೈದ್ಯರೂ ಇದನ್ನೇ ಬೇರೆ ಮಾತಿನಲ್ಲಿ ಹೇಳಿದ್ದರು. ಕಿರಿಕಿರಿಯಾದ ಬೆಕ್ಕು ಹೆರಿಗೆಯನ್ನು ನಡುವೆ ನಿಲ್ಲಿಸಿ, ಜಾಗ ಬದಲಿಸಿ, ತಾಸುಗಟ್ಟಲೆ ಬಿಟ್ಟು ಮತ್ತೆ ಶುರು ಮಾಡಬಲ್ಲದು.

ಹೀಗೆ ಕಾದು ಕೂರುವ ವಿದ್ಯೆ ನಮ್ಮಲ್ಲಿ ಇಲ್ಲದೆ ಇರಲಿಲ್ಲ. ಪಾವಗಡದ ಸೂಲಗಿತ್ತಿ ನರಸಮ್ಮನವರು 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿ 2018ರಲ್ಲಿ ಪದ್ಮಶ್ರೀ ಪಡೆದಾಗ ಊರೂರಿನ ಸೂಲಗಿತ್ತಿಯರ ನೆನಪು ಮರಳಿತ್ತು. ನಮ್ಮೂರಿನ ಅಜ್ಜಿಯೊಬ್ಬಳು ಹೆರಿಗೆ ಮನೆಗೆ ಬಂದವಳೇ ಎಲೆಯಡಿಕೆ ತಟ್ಟೆ ಎಳೆದುಕೊಂಡು ಕೂರುತ್ತಿದ್ದಳಂತೆ. ಅಡಿಕೆ ಕತ್ತರಿಸುತ್ತಾ ನರಳುವ ಸದ್ದನ್ನೇ ಕೇಳುತ್ತಿದ್ದಳು, ಸದ್ದಿನ ಬಗೆ ಬದಲಾದಾಗ ಮಾತ್ರ ಏಳುತ್ತಿದ್ದಳು ಎಂದು ಅಮ್ಮ ಹೇಳಿದಳು. ನಾನು ಟಾರ್ಚು ಆರಿಸಿ ಅವಳ ಪಕ್ಕ ಕೂತೆ.

ಹನ್ನೊಂದೂ ಮುಕ್ಕಾಲಿಗೆ ಗುಂಡಮ್ಮ ಪಕ್ಕಕ್ಕೆ ವಾಲಿ ಹಿಂಗಾಲನ್ನು ಪೆಟ್ಟಿಗೆಯ ಗೋಡೆಗೆ ಒತ್ತಿದಳು. ಹೊಟ್ಟೆಯಲ್ಲಿ ಅಲೆ ಎದ್ದಂತೆ ಮುಕ್ಕಿದಳು. ನಾಲ್ಕನೆಯ ಮುಕ್ಕಿಗೆ ಬೂದುಬಣ್ಣದ, ನೀರು ತುಂಬಿದ ಗುಳ್ಳೆಯಂಥದ್ದು ಕಾಣಿಸಿತು. ಅದರೊಳಗೆ ಮೊದಲು ಕಂಡದ್ದು ಬಾಲ. ನನ್ನ ಎದೆ ಧಸಕ್ಕೆಂದಿತು. ಕರು ಹಿಂದುಮುಂದಾದರೆ ಕೊಟ್ಟಿಗೆಯೇ ತಲ್ಲಣಿಸುತ್ತದೆ. ಬೆಕ್ಕಿನಲ್ಲಿ ಹಾಗಲ್ಲ, ಮೂರರಲ್ಲೊಂದು ಮರಿಯಾದರೂ ಹಿಂಭಾಗ ಮುಂದಾಗಿ ಬರುತ್ತದೆ, ಬಹುಪಾಲು ಸಲೀಸಾಗಿಯೇ ಬರುತ್ತದೆ. ಇದೂ ಬಂತು. ಗುಂಡಮ್ಮ ಪೊರೆಯನ್ನು ಹಲ್ಲಿನಿಂದ ಸೀಳಿ, ಮುಖ ನೆಕ್ಕಿ, ಹೊಕ್ಕುಳಬಳ್ಳಿಯನ್ನು ಕಚ್ಚಿ ಕತ್ತರಿಸಿದಳು. ಯಾವ ತರಬೇತಿಯೂ ಇಲ್ಲದ, ವರ್ಷವೂ ತುಂಬದ ಹುಡುಗಿ! ಮರಿ ಸೂಜಿಯಂಥ ದನಿಯಲ್ಲಿ ಕಿರುಚಿತು.

‘ಮಾಸು ಬಿತ್ತಾ ನೋಡು’ ಅಂದಳು ಅಮ್ಮ. ಕೊಟ್ಟಿಗೆಯಲ್ಲಿ ‘ಕಸ’ ಅನ್ನುವುದು ಇದಕ್ಕೇ. ಪ್ರತಿ ಮರಿಯ ಹಿಂದೆ ಒಂದು ಮಾಸು ಬೀಳಬೇಕು. ಕೆಲವೊಮ್ಮೆ ಎರಡು ಮರಿ ಹುಟ್ಟಿ ಆಮೇಲೆ ಎರಡೂ ಒಟ್ಟಿಗೆ ಬೀಳುತ್ತವೆ. ಮರಿ ಎಷ್ಟು, ಮಾಸು ಎಷ್ಟು ಎಂದು ಲೆಕ್ಕ ಇಡಬೇಕು, ಒಳಗೆ ಉಳಿದರೆ ನಂಜಾಗುತ್ತದೆ. ತಾಯಿ ಅದನ್ನು ತಿನ್ನುತ್ತದೆ, ತಿನ್ನಲಿ. ಎಲ್ಲವನ್ನೂ ತಿಂದರೆ ಹೊಟ್ಟೆ ಕೆಡಬಹುದು, ಒಂದೆರಡಾದ ಮೇಲೆ ಪೇಪರಿನಲ್ಲಿ ಸುತ್ತಿ ತೆಗೆದರಾಯಿತು. ನಾನು ನೋಟ್‌ಬುಕ್ಕಿನಲ್ಲಿ ಬರೆದೆ: 11.58, ಬೂದು, ಮಾಸು ಒಂದು.

ಎರಡನೆಯದು ಅರ್ಧ ಗಂಟೆಗೆ, ಕೇಸರಿ. ಮೂರನೆಯದು ಅದರ ಬೆನ್ನಿಗೇ. ಅಷ್ಟರಲ್ಲಿ ಗುಂಡಮ್ಮ ಕೇಸರಿಯನ್ನು ನೆಕ್ಕುವುದರಲ್ಲಿ ಮುಳುಗಿದ್ದಳು. ಹಿಂದೆ ಬಿದ್ದ ಕಪ್ಪು ಮರಿ ಪೊರೆಯೊಳಗೇ ಉಳಿಯಿತು. ನಾನು ಅಮ್ಮನ ಮುಖ ನೋಡಿದೆ. ಅವಳು ತಾಯಿಯನ್ನು ನೋಡುತ್ತಿದ್ದಳು. ಅರ್ಧ ನಿಮಿಷ, ಮುಕ್ಕಾಲು ನಿಮಿಷ. ಗುಂಡಮ್ಮ ತಿರುಗಲಿಲ್ಲ. ‘ಈಗ’ ಅಂದಳು ಅಮ್ಮ.

ಇಷ್ಟು ಹೊತ್ತು ಕಟ್ಟಿ ಕೂತಿದ್ದ ಕೈ ಬೇಕಾಗಿದ್ದು ಈ ಒಂದು ‘ಈಗ’ಕ್ಕೆ. ಪೊರೆಯನ್ನು ಮೂಗಿನ ಹತ್ತಿರ ಚಿವುಟಿ ಹರಿದೆ. ಒದ್ದೆ ಮರಿ ಅಂಗೈಯಲ್ಲಿ ನೆನೆದ ಹುಣಿಸೆಹಣ್ಣಿನಂತೆ ಜಾರುತ್ತಿತ್ತು. ಬಾಯಿ, ಮೂಗು ಬಟ್ಟೆಯಿಂದ ಒರೆಸಿ, ತಲೆ ತುಸು ಕೆಳಗಿರುವಂತೆ ಹಿಡಿದು, ಬಟ್ಟೆಯೊಳಗೆ ಬೆನ್ನು, ಪಕ್ಕೆಗಳನ್ನು ಚೆನ್ನಾಗಿ ಉಜ್ಜಿದೆ. ತಲೆಕೆಳಗೆ ಮಾಡಿ ಬೀಸುವ ಹಳೆಯ ಪದ್ಧತಿ ಬೇಡವೇ ಬೇಡ, ಎಳೆಯ ಮಿದುಳಿಗೆ ಪೆಟ್ಟಾಗುತ್ತದೆ ಎಂದು ವೈದ್ಯರು ಎಚ್ಚರಿಸಿದ್ದರು. ಮರಿ ಸುಮ್ಮನಿತ್ತು. ಉಜ್ಜುತ್ತಲೇ ಇದ್ದೆ. ಒಮ್ಮೆ ಬಾಯಿ ತೆರೆಯಿತು, ಮುಚ್ಚಿತು. ಮತ್ತೆ ತೆರೆಯಿತು. ಆಮೇಲೆ ಸೀನಿದಂಥದೊಂದು ಸದ್ದು, ಅದರ ಹಿಂದೆಯೇ ಕೂಗು. ಹೊಟ್ಟೆಯಿಂದ ಒಂದು ಅಂಗುಲ ಬಿಟ್ಟು ಬಳ್ಳಿಗೆ ದಾರ ಕಟ್ಟಿ, ದಾರದಾಚೆ ಕತ್ತರಿಸಿ, ತುದಿಗೆ ಅಯೋಡಿನ್ ಮುಟ್ಟಿಸಿದೆ. ಬಳ್ಳಿಯನ್ನು ಹೊಟ್ಟೆಯ ಕಡೆಯಿಂದ ಜಗ್ಗಬಾರದು, ಹೊಕ್ಕುಳು ಹರಿಯುತ್ತದೆ. ಮರಿಯನ್ನು ತಾಯಿಯ ಮೂಗಿನೆದುರು ಇಟ್ಟಾಗ ಅವಳು ಮೂಸಿ, ನನ್ನ ಕೈವಾಸನೆಗೆ ಬೇಸರಿಸದೆ, ನೆಕ್ಕಲು ಶುರು ಮಾಡಿದಳು.

ನಾಲ್ಕನೆಯದು ತುಂಬಾ ಹೊತ್ತು ಕಾಯಿಸಿತು. ಗುಂಡಮ್ಮ ಅಷ್ಟು ಹೊತ್ತೂ ಮುಕ್ಕದೆ, ಮರಿಗಳಿಗೆ ಹಾಲು ಕೊಡುತ್ತಾ ನಿರಾಳವಾಗಿದ್ದಳು. ನೋವಿಲ್ಲದ ಬಿಡುವು ಬೇರೆ, ಮುಕ್ಕಿಯೂ ಬಾರದಿರುವುದು ಬೇರೆ. ಪಕ್ಕದ ಮನೆಯವರು ಬೆಟ್ಟಕ್ಕೆ ಹೊರಟು ಗೇಟು ಕಿರುಗುಟ್ಟಿಸುವ ಹೊತ್ತಿಗೆ ನಾಲ್ಕನೆಯದೂ ಬಂತು. ತಾಯಿಯಂತೆಯೇ ಮೂರು ಬಣ್ಣ, ಎಲ್ಲರಿಗಿಂತ ಸಣ್ಣದು.

ತಡಮಾಡದೆ ವೈದ್ಯರ ಬಳಿ ಹೋಗಬೇಕಾದಾಗ

• 20–30 ನಿಮಿಷ ಜೋರಾಗಿ, ಬಿಡದೆ ಮುಕ್ಕಿಯೂ ಮರಿ ಬಾರದಿದ್ದರೆ.
• ಮರಿಯ ಅರ್ಧ ಮೈ ಹೊರಬಂದು ಹತ್ತು ನಿಮಿಷ ಸಿಕ್ಕಿಕೊಂಡಿದ್ದರೆ. ಎಳೆಯಲು ಹೋಗಬೇಡಿ.
• ಒಳಗೆ ಮರಿ ಇದೆಯೆಂದು ಗೊತ್ತಿದ್ದು, ತಾಯಿ ನರಳುತ್ತಾ ಸೋತು ಮಲಗಿದರೆ.
• ಕೆಂಪು ರಕ್ತ ನಿಲ್ಲದೆ ಹರಿದರೆ, ಸ್ರಾವ ದುರ್ವಾಸನೆ ಬೀರಿದರೆ, ಮೊದಲ ಮರಿಗೆ ಮುಂಚೆಯೇ ಹಸಿರು ಸ್ರಾವ ಕಂಡರೆ.
• 70 ದಿನ ದಾಟಿಯೂ ಹೆರಿಗೆಯಾಗದಿದ್ದರೆ.
• ಹಾಲೂಡುವ ವಾರಗಳಲ್ಲಿ ತಾಯಿ ನಡುಗಿದರೆ, ಕಾಲು ಸೆಟೆದರೆ, ತೂರಾಡಿದರೆ. ರಕ್ತದಲ್ಲಿ ಕ್ಯಾಲ್ಸಿಯಂ ಕುಸಿದಿರುವ ಲಕ್ಷಣ ಇದು. ಗಂಟೆಗಳ ಲೆಕ್ಕದಲ್ಲಿ ಪ್ರಾಣ ಹೋಗಬಹುದು.
• ಮೊಲೆ ಬಿಸಿಯಾಗಿ, ಗಟ್ಟಿಯಾಗಿ ನೋಯುತ್ತಿದ್ದರೆ, ತಾಯಿ ಊಟ ಬಿಟ್ಟರೆ.

ನೋವು ಬರಿಸುವ ಚುಚ್ಚುಮದ್ದನ್ನು ಯಾರೋ ಹೇಳಿದರೆಂದು ಹಾಕಿಸಬೇಡಿ. ಮರಿ ಅಡ್ಡ ಸಿಕ್ಕಿಕೊಂಡಿದ್ದರೆ ಗರ್ಭಕೋಶವೇ ಒಡೆಯಬಹುದು.

ಗ್ರಾಂ ಲೆಕ್ಕದ ದಿನಗಳು

ಹುಟ್ಟಿದ ಬೆಕ್ಕಿನ ಮರಿ ಸಾಮಾನ್ಯವಾಗಿ 90ರಿಂದ 110 ಗ್ರಾಂ ತೂಗುತ್ತದೆ. ಕಣ್ಣಿಲ್ಲ, ಕಿವಿ ಮಡಚಿಕೊಂಡಿದೆ, ಚಳಿಗೆ ನಡುಗುವ ಶಕ್ತಿಯೂ ಇಲ್ಲ. ತಾಯಿಯ ಹೊಟ್ಟೆಯ ಬಿಸಿಯೇ ಅದರ ಬಿಸಿ. ಮೊದಲ ವಾರ ಪೆಟ್ಟಿಗೆಯೊಳಗೆ 30 ಡಿಗ್ರಿ ಸೆಲ್ಸಿಯಸ್ ಆಸುಪಾಸು ಇರಬೇಕು. ಆಷಾಢದ ಗಾಳಿಗೆ ಮೈಸೂರಿನ ಮನೆ ಅಷ್ಟು ಬೆಚ್ಚಗಿರುವುದಿಲ್ಲ. ಬಟ್ಟೆ ಸುತ್ತಿದ ಬಿಸಿನೀರಿನ ಚೀಲವನ್ನು ಪೆಟ್ಟಿಗೆಯ ಒಂದೇ ಬದಿಗೆ ಇಟ್ಟೆವು. ಬಿಸಿ ಹೆಚ್ಚಾಯಿತೆನಿಸಿದರೆ ಸರಿದುಕೊಳ್ಳಲು ಇನ್ನೊಂದು ಬದಿ ಖಾಲಿ ಇರಬೇಕಲ್ಲ.

ಹಸು ಕರು ಹಾಕಿದಾಗ ಗಿಣ್ಣದ ಹಾಲಿಗೆ ನಾವು ಪಾತ್ರೆ ಹಿಡಿದು ನಿಲ್ಲುತ್ತೇವೆ. ಬೆಕ್ಕಿನ ಗಿಣ್ಣು ಮರಿಗಳ ಪಾಲಿಗೆ ಮೊದಲ ಲಸಿಕೆ. ಅದರಲ್ಲಿರುವ ರೋಗನಿರೋಧಕಗಳನ್ನು ಮರಿಯ ಕರುಳು ಹೀರಿಕೊಳ್ಳುವುದು ಹುಟ್ಟಿದ ಮೊದಲ 16–18 ತಾಸು ಮಾತ್ರ. ಆಮೇಲೆ ಆ ಬಾಗಿಲು ಮುಚ್ಚಿಕೊಳ್ಳುತ್ತದೆ. ಹಾಗಾಗಿ ಬೆಳಗಾಗುವುದರೊಳಗೆ ನಾಲ್ಕೂ ಮರಿ ತೊಟ್ಟು ಹಿಡಿದವೇ ಎಂದು ನೋಡುವುದೇ ನಮ್ಮ ಕೆಲಸವಾಗಿತ್ತು. ಎರಡು ಮೂರು ದಿನದಲ್ಲಿ ಒಂದೊಂದು ಮರಿಯೂ ತನ್ನ ತೊಟ್ಟು ಯಾವುದೆಂದು ಗೊತ್ತು ಮಾಡಿಕೊಂಡಿತು. ಕೇಸರಿ ಯಾವಾಗಲೂ ಹಿಂದಿನದು. ಕುರುಡಾಗಿಯೇ ಅಣ್ಣತಮ್ಮಂದಿರ ಮೇಲೆ ಹತ್ತಿಳಿದು ಅಲ್ಲಿಗೇ ಬರುತ್ತಿತ್ತು.

ದಿನಕ್ಕೊಮ್ಮೆ, ಒಂದೇ ಹೊತ್ತಿಗೆ, ತಕ್ಕಡಿಯ ಮೇಲೆ ಸ್ಟೀಲ್ ಬಟ್ಟಲಿಟ್ಟು ತೂಗಿದೆವು. ಆರೋಗ್ಯವಾಗಿರುವ ಮರಿ ದಿನಕ್ಕೆ 10ರಿಂದ 15 ಗ್ರಾಂ ಏರುತ್ತದೆ, ಎರಡು ವಾರದೊಳಗೆ ಹುಟ್ಟುತೂಕ ಇಮ್ಮಡಿಯಾಗುತ್ತದೆ. ಕಣ್ಣಿಗೆ ಕಾಣದ್ದು ತಕ್ಕಡಿಗೆ ಕಾಣುತ್ತದೆ. ಬೂದು 102, ಕೇಸರಿ 98, ಕಪ್ಪು 95, ಮೂರು ಬಣ್ಣದ್ದು 74. ಮರುದಿನ 110, 107, 104, 73. ಮೂರನೆಯ ದಿನ ಆ ಸಣ್ಣದು 70.

ಅದು ಬಡಕಲು ದನಿಯಲ್ಲಿ ಅಳುತ್ತಲೇ ಇತ್ತು. ಹೊಟ್ಟೆ ತುಂಬಿದ ಮರಿ ಮಲಗುತ್ತದೆ, ಬಿಡದೆ ಅಳುವ ಮರಿಗೆ ಹಸಿವು ಇಲ್ಲವೇ ಚಳಿ. ಫೋನಿನಲ್ಲಿ ವೈದ್ಯರು ಮೊದಲು ಕೇಳಿದ್ದು ‘ಮೈ ಬೆಚ್ಚಗಿದೆಯಾ?’ ಎಂದು. ತಣ್ಣಗಿರುವ ಮರಿಗೆ ಹಾಲು ಕುಡಿಸಬಾರದು. ಕರುಳು ಕೆಲಸ ನಿಲ್ಲಿಸಿರುತ್ತದೆ, ಹಾಲು ಒಳಗೇ ಕೆಡುತ್ತದೆ. ಮೊದಲು ಮೆಲ್ಲಗೆ ಬೆಚ್ಚಗೆ ಮಾಡಿ, ಆಮೇಲೆ ಹಾಲು. ಹಸುವಿನ ಹಾಲು ಅಲ್ಲ. ಬೆಕ್ಕಿನ ಹಾಲಿಗೆ ಹೋಲಿಸಿದರೆ ಅದರಲ್ಲಿ ಪ್ರೋಟೀನ್ ಕಡಿಮೆ, ಮರಿಗೆ ಭೇದಿ ಹಿಡಿಯುತ್ತದೆ. ಬೆಕ್ಕಿನ ಮರಿಗಳಿಗೆಂದೇ ಬರುವ ಹಾಲಿನ ಪುಡಿ ತಂದು, ಎರಡು ಮೂರು ತಾಸಿಗೊಮ್ಮೆ ಸಿರಿಂಜಿನಲ್ಲಿ ಹನಿ ಹನಿಯಾಗಿ ಕೊಟ್ಟೆವು. ಮಗುವಿನ ಹಾಗೆ ಅಂಗಾತ ಹಿಡಿಯಬಾರದು, ಹಾಲು ಶ್ವಾಸಕೋಶಕ್ಕೆ ಇಳಿಯುತ್ತದೆ. ತಾಯಿಯ ಮೊಲೆ ಉಣ್ಣುವಾಗಿನಂತೆ ಹೊಟ್ಟೆ ಕೆಳಗಾಗಿ ಇರಬೇಕು. ಕುಡಿದ ಮೇಲೆ ಒದ್ದೆ ಹತ್ತಿಯಿಂದ ಕೆಳಗೆ ಸವರಿದರೇ ಉಚ್ಚೆ ಬರುವುದು. ತಾಯಿ ನಾಲಿಗೆಯಿಂದ ಮಾಡುವ ಕೆಲಸ ಅದು.

ನಾಲ್ಕನೆಯ ದಿನ ಬೆಳಗಿನ ಜಾವ ಗುಂಡಮ್ಮ ಅದನ್ನು ಮೂತಿಯಿಂದ ಬದಿಗೆ ಸರಿಸಿದ್ದಳು. ನಾನು ಮತ್ತೆ ಹೊಟ್ಟೆಯ ಹತ್ತಿರ ಇಟ್ಟೆ. ಮತ್ತೆ ಸರಿಸಿದಳು. ಅಮ್ಮ ನನ್ನ ಕೈ ಹಿಡಿದುಕೊಂಡಳು, ಏನೂ ಹೇಳಲಿಲ್ಲ. ಮರಿಯನ್ನು ನಾನೇ ಸೆರಗಿನಲ್ಲಿ ಸುತ್ತಿ ಎದೆಗೆ ಹಿಡಿದು ಕೂತೆ. ಏಳು ಗಂಟೆಯ ಹೊತ್ತಿಗೆ ಅದರ ಉಸಿರು ನಿಂತಿತು. ಹಿತ್ತಲಿನ ಕರಿಬೇವಿನ ಬುಡದಲ್ಲಿ ಮಣ್ಣು ಮಾಡಿದೆವು. ನೋಟ್‌ಬುಕ್ಕಿನ ನಾಲ್ಕನೆಯ ಕಾಲಂ ಅಲ್ಲಿಗೆ ಖಾಲಿಯಾಯಿತು. ಏನು ತಪ್ಪಿದೆವು ಎಂದು ಕೇಳಿದ್ದಕ್ಕೆ ವೈದ್ಯರು, ‘ತೀರಾ ಕಡಿಮೆ ತೂಕದಲ್ಲಿ ಹುಟ್ಟಿದವು ಎಷ್ಟು ಮಾಡಿದರೂ ಕೆಲವೊಮ್ಮೆ ಉಳಿಯೋದಿಲ್ಲ’ ಅಂದರು. ಗುಂಡಮ್ಮ ಅಂದು ಎರಡು ಸಲ ಹಿತ್ತಲ ಬಾಗಿಲ ತನಕ ಬಂದು ಹಿಂತಿರುಗಿದಳು. ಹುಡುಕಿದಳೋ, ಬಿಸಿಲಿಗೆ ಬಂದಳೋ.

ಏಳು ಮನೆ

ಎಂಟನೆಯ ದಿನ ಬೂದು ಮರಿಯ ಒಂದು ಕಣ್ಣು ಬಿರಿಯಿತು, ಹತ್ತಕ್ಕೆ ಮೂರರದ್ದೂ. ಎಲ್ಲಕ್ಕೂ ನೀಲಿ ಕಣ್ಣು. ನಿಜವಾದ ಬಣ್ಣ ಬರಲು ವಾರಗಳು ಬೇಕು. ಬೂದು, ಕೇಸರಿ, ಕಪ್ಪು ಮೂರನ್ನೂ ಸಾಲಾಗಿ ನೋಡಿದ ಅಮ್ಮ, ‘ಅಪ್ಪಂದಿರು ಎಷ್ಟು ಜನವೋ!’ ಎಂದು ಸೆರಗಿನಲ್ಲಿ ಬಾಯಿ ಮುಚ್ಚಿ ನಕ್ಕಳು. ಗುಂಡಮ್ಮ ಈಗ ಮೊದಲಿಗಿಂತ ಎರಡು ಮೂರು ಪಟ್ಟು ತಿನ್ನುತ್ತಿದ್ದಳು. ಕಂದು ಮಿಶ್ರಿತ ಕೆಂಪು ಸ್ರಾವ ಸಣ್ಣಗೆ ಇತ್ತು. ಎರಡು ಮೂರು ವಾರ ಅದು ಸಹಜ. ವೈದ್ಯರು ಇನ್ನೊಂದು ಎಚ್ಚರಿಕೆ ಕೊಟ್ಟಿದ್ದರು. ಹಾಲುಣಿಸುತ್ತಿರುವಾಗಲೇ ಬೆಕ್ಕು ಮತ್ತೆ ಬೆದೆಗೆ ಬರಬಹುದು, ಗಬ್ಬವೂ ಕಟ್ಟಬಹುದು. ಮರಿಗಳಿಗೆ ಎಂಟು ವಾರ ತುಂಬಿ ಹಾಲು ಬಿಡುವ ತನಕ ಬಾಗಿಲು ಮುಚ್ಚಿಟ್ಟು, ಆಮೇಲೆ ಸಂತಾನಹರಣ ಚಿಕಿತ್ಸೆ ಮಾಡಿಸಿ ಎಂದರು. ಮೂರು ಮರಿಗೆ ಮನೆ ಹುಡುಕುವ ಕಷ್ಟ ಗೊತ್ತಾದವರಿಗೆ ಈ ಮಾತು ಎರಡನೆಯ ಸಲ ಹೇಳಬೇಕಿಲ್ಲ. ತಾರಸಿಯ ಗಂಡು ಬೆಕ್ಕುಗಳನ್ನು ದೂರ ಇಡುವುದಕ್ಕೂ ಆ ಬಾಗಿಲು ಬೇಕು, ಅವು ಮರಿಗಳನ್ನು ಕೊಲ್ಲುವುದುಂಟು.

ಬೆಕ್ಕು ಮರಿಗಳಿಗೆ ಏಳು ಮನೆ ತೋರಿಸುತ್ತದೆ ಎನ್ನುತ್ತಾರೆ ನಮ್ಮ ಕಡೆ. ಹದಿಮೂರನೆಯ ದಿನ ಬೆಳಿಗ್ಗೆ ನೋಡಿದರೆ ಪೆಟ್ಟಿಗೆ ಖಾಲಿ. ಸೀರೆಯ ಮೇಲೆ ಮೂರು ಮರಿಗಳ ಗುಂಡಿ ಮಾತ್ರ ಉಳಿದಿತ್ತು, ಇನ್ನೂ ಬೆಚ್ಚಗೆ. ನಾನು ಕೂಗಾಡುತ್ತಾ ಮಂಚ ಎಳೆದೆ, ಅಕ್ಕಿ ಡ್ರಮ್ಮು ಸರಿಸಿದೆ. ‘ನಿನ್ನೆ ಬೀರುವಿಗೆ ಬೀಗ ಹಾಕಿದ್ಯಾ?’ ಎಂದು ಕೇಳಿದಳು ಅಮ್ಮ. ಹಾಕಿರಲಿಲ್ಲ.

ಕೆಳಗಿನ ಅರೆಯಲ್ಲಿ, ಮದುವೆಯ ರೇಷ್ಮೆ ಸೀರೆಯ ಮೇಲೆ ಬೂದು ಮತ್ತು ಕಪ್ಪು. ಗುಂಡಮ್ಮ ಕೇಸರಿಯನ್ನು ಕುತ್ತಿಗೆಯ ಚರ್ಮದಲ್ಲಿ ಕಚ್ಚಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಮರಿ ಬಾಲ ಮಡಚಿ, ಕಾಲು ಮುದುರಿ, ಒಣಗಿಸಿದ ಕರವಸ್ತ್ರದ ಹಾಗೆ ಜೋತುಬಿದ್ದಿತ್ತು. ಶ್ರೀವೈಷ್ಣವರು ಹೇಳುವ ಮಾರ್ಜಾಲ ಕಿಶೋರ ನ್ಯಾಯ ಇದೇ. ಕೋತಿಮರಿ ತಾಯಿಯನ್ನು ಬಿಗಿಯಾಗಿ ತಬ್ಬಿಕೊಂಡಿರಬೇಕು, ಅದು ಮರ್ಕಟ ನ್ಯಾಯ. ಬೆಕ್ಕಿನ ಮರಿ ಏನೂ ಮಾಡಬೇಕಿಲ್ಲ, ಹೊರುವುದೆಲ್ಲ ತಾಯಿಯ ಭಾರ. ಶರಣಾಗತಿಯ ಬಗ್ಗೆ ಎರಡು ಪಂಥ ಶತಮಾನಗಳಿಂದ ನಡೆಸಿದ ವಾದ ಅದು. ಎರಡು ವಾರದಿಂದ ಕೋತಿಮರಿಯ ಹಾಗೆ ಎಲ್ಲದಕ್ಕೂ ಜೋತುಬಿದ್ದವಳು ನಾನೊಬ್ಬಳೇ ಎಂದು ಆಗ ಹೊಳೆಯಿತು.

ಸೀರೆ ಎಳೆದುಕೊಳ್ಳಲು ಚಾಚಿದ್ದ ಕೈ ಹಿಂದೆ ತೆಗೆದೆ. ಗುಂಡಮ್ಮ ನನ್ನನ್ನು ದಾಟಿ ಒಳಗೆ ಹೋಗಿ ಕೇಸರಿಯನ್ನು ಇಳಿಸಿ ಮಲಗಿದಳು. ಅಮ್ಮ ಪೆಟ್ಟಿಗೆಯ ಪಕ್ಕದ ನೀರಿನ ಬಟ್ಟಲು ತಂದು ಬೀರುವಿನ ಮುಂದೆ ಇಟ್ಟಳು. ನಾನು ಬೀರುವಿನ ಬಾಗಿಲು ಮುಚ್ಚಿಕೊಳ್ಳದಂತೆ ಸಂದಿಗೆ ಪೇಪರು ಮಡಚಿ ತುರುಕಿ, ನೋಟ್‌ಬುಕ್ ತೆಗೆದುಕೊಂಡೆ. ಬೂದು 215, ಕೇಸರಿ 208, ಕಪ್ಪು 199. ಎರಡನೆಯ ಮನೆ.